ಕಡಲನ್ನು ಕಲಿತ ಅಧ್ಯಕ್ಷ: ಅಬ್ರಹಾಂ ಲಿಂಕನ್ ಮತ್ತು ಅವರ ನೌಕಾಧಿಕಾರಿಗಳು

ಅಬ್ರಹಾಂ ಲಿಂಕನ್ ಅವರ ಹೆಸರು ಕೇಳದ ವಿದ್ಯಾರ್ಥಿಗಳು ಇರಲಾರರು. ಮರದ ದಿಮ್ಮಿಗಳ ಗುಡಿಸಲಿನಲ್ಲಿ ಹುಟ್ಟಿ, ಕಷ್ಟಪಟ್ಟು ಓದಿ ಅಮೆರಿಕದ 16ನೇ ಅಧ್ಯಕ್ಷರಾದವರು, ಗುಲಾಮಗಿರಿಗೆ ಕೊನೆ ಹಾಡಿದವರು ಎಂದು ನಾವೆಲ್ಲ ಪ್ರಾಥಮಿಕ ಶಾಲೆಯಲ್ಲೇ ಓದಿದ್ದೇವೆ. ಮಗನ ಶಿಕ್ಷಕರಿಗೆ ಅವರು ಬರೆದರೆನ್ನುವ ಪತ್ರ ಎಷ್ಟೋ ಶಾಲೆಗಳ ಗೋಡೆಯ ಮೇಲೆ ತೂಗುತ್ತಿರುತ್ತದೆ. ಅದು ಅವರೇ ಬರೆದದ್ದು ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಆದರೆ ಆ ಪತ್ರವಿಲ್ಲದಿದ್ದರೂ ಲಿಂಕನ್ ಅವರಿಂದ ಕಲಿಯಬೇಕಾದದ್ದು ಬಹಳಷ್ಟಿದೆ. ಅವರು ಮಾಡಿದ ಒಂದು ದೊಡ್ಡ ತಪ್ಪು, ಆ ತಪ್ಪಿನ ನಂತರ ಅವರು ನಡೆದುಕೊಂಡ ರೀತಿ, ತಮಗೆ ಗೊತ್ತಿಲ್ಲದ ವಿಷಯವನ್ನು ಅವರು ಕಲಿತ ಬಗೆ ಇವುಗಳನ್ನು ಈ ಲೇಖನದಲ್ಲಿ ನೋಡೋಣ. ಆ ವಿಷಯ ಬೇರೆ ಯಾವುದೂ ಅಲ್ಲ, ಸಮುದ್ರ ಮತ್ತು ಯುದ್ಧನೌಕೆ.

ನದಿಯ ಹುಡುಗ

ಲಿಂಕನ್ ಹುಟ್ಟಿದ್ದು 1809ರ ಫೆಬ್ರವರಿ 12ರಂದು, ಕೆಂಟಕಿ ರಾಜ್ಯದಲ್ಲಿ. ಅದು ಸಮುದ್ರದಿಂದ ಬಹುದೂರದ ಒಳನಾಡು. ಒಂಬತ್ತನೇ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು. ಶಾಲೆಗೆ ಹೋದ ದಿನಗಳನ್ನೆಲ್ಲ ಕೂಡಿಸಿದರೂ ಒಂದು ವರ್ಷ ತುಂಬುವುದಿಲ್ಲ. ಆದರೆ ಅವರಿಗೆ ನದಿ ಗೊತ್ತಿತ್ತು. 1828ರಲ್ಲಿ, 19ನೇ ವಯಸ್ಸಿನಲ್ಲಿ, ಸರಕು ತುಂಬಿದ ಚಪ್ಪಟೆ ದೋಣಿಯೊಂದನ್ನು ಮಿಸಿಸಿಪ್ಪಿ ನದಿಯಲ್ಲಿ ನಡೆಸಿಕೊಂಡು ನ್ಯೂ ಆರ್ಲಿಯನ್ಸ್ ಪಟ್ಟಣಕ್ಕೆ ಹೋಗಿಬಂದರು. 1831ರಲ್ಲಿ ಮತ್ತೊಮ್ಮೆ ಹೊರಟಾಗ ನ್ಯೂ ಸೇಲಂ ಎಂಬ ಊರಿನ ಗಿರಣಿ ಅಣೆಕಟ್ಟಿನ ಮೇಲೆ ದೋಣಿ ಸಿಕ್ಕಿಹಾಕಿಕೊಂಡಿತು. ಸರಕನ್ನು ಇಳಿಸಿ, ದೋಣಿಯ ಮುಂಭಾಗದಲ್ಲಿ ತೂತು ಕೊರೆದು, ಒಳಗೆ ತುಂಬಿದ್ದ ನೀರನ್ನು ಹೊರಗೆ ಹರಿಸಿ ಅವರು ಅದನ್ನು ಪಾರು ಮಾಡಿದರು.

ಆ ನೆನಪು ಅವರನ್ನು ಬಿಡಲಿಲ್ಲ. ವಕೀಲರಾಗಿ, ಸಂಸತ್ ಸದಸ್ಯರಾಗಿದ್ದಾಗ, ಆಳವಿಲ್ಲದ ನೀರಿನಲ್ಲಿ ಸಿಕ್ಕಿಕೊಂಡ ದೋಣಿಗಳನ್ನು ಗಾಳಿಚೀಲಗಳಿಂದ ಮೇಲೆತ್ತುವ ಸಾಧನವೊಂದನ್ನು ಯೋಚಿಸಿ, ಅದರ ಮಾದರಿಯನ್ನೂ ತಯಾರಿಸಿದರು. 1849ರ ಮೇ 22ರಂದು ಅದಕ್ಕೆ 6469ನೇ ಸಂಖ್ಯೆಯ ಪೇಟೆಂಟ್ ದೊರೆಯಿತು. ಸಾಧನ ಬಳಕೆಗೆ ಬರಲಿಲ್ಲ. ಆದರೆ ಪೇಟೆಂಟ್ ಪಡೆದ ಏಕೈಕ ಅಮೆರಿಕನ್ ಅಧ್ಯಕ್ಷರೆಂಬ ಹೆಸರು ಇಂದಿಗೂ ಅವರದೇ. ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಬಗ್ಗಿ ನೋಡುವ ಈ ಸ್ವಭಾವ ಮುಂದೆ ಯುದ್ಧಕಾಲದಲ್ಲಿ ಅವರ ಕೈ ಹಿಡಿಯಿತು.

ಓದದೆ ಹಾಕಿದ ಸಹಿ

1861ರ ಮಾರ್ಚ್ 4ರಂದು ಲಿಂಕನ್ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದಾಗ ದೇಶ ಆಗಲೇ ಒಡೆದಿತ್ತು. ಗುಲಾಮಗಿರಿಯನ್ನು ಬಿಡಲೊಪ್ಪದ ದಕ್ಷಿಣದ ಏಳು ರಾಜ್ಯಗಳು ಬೇರೆಯಾಗಿ ತಮ್ಮದೇ ಸರ್ಕಾರ ಕಟ್ಟಿಕೊಂಡಿದ್ದವು. ದಕ್ಷಿಣದ ಕರಾವಳಿಯಲ್ಲಿ ಎರಡು ಮುಖ್ಯ ಕೋಟೆಗಳು ಮಾತ್ರ ಒಕ್ಕೂಟದ ಕೈಯಲ್ಲಿ ಉಳಿದಿದ್ದವು. ಒಂದು ಚಾರ್ಲ್ಸ್‌ಟನ್ ಬಂದರಿನ ಸಮ್ಟರ್ ಕೋಟೆ, ಇನ್ನೊಂದು ಫ್ಲಾರಿಡಾದ ಪಿಕನ್ಸ್ ಕೋಟೆ. ಎರಡಕ್ಕೂ ಹಡಗುಗಳಲ್ಲಿ ನೆರವು ಕಳುಹಿಸಬೇಕಿತ್ತು.

ಸಮ್ಟರ್ ಕೋಟೆಗೆ ಹೋಗುವ ಪಡೆಯ ಹೊಣೆ ಗಸ್ಟೇವಸ್ ಫಾಕ್ಸ್ ಎಂಬ ಮಾಜಿ ನೌಕಾಧಿಕಾರಿಯದಾಗಿತ್ತು. ನೌಕಾ ಇಲಾಖೆಯ ಕಾರ್ಯದರ್ಶಿ ಗಿಡಿಯನ್ ವೆಲ್ಸ್ ಅದಕ್ಕಾಗಿ ಪೊಹಾಟನ್ ಎಂಬ ಬಲಶಾಲಿ ಯುದ್ಧನೌಕೆಯನ್ನು ಗೊತ್ತುಮಾಡಿದ್ದರು. ಅದೇ ಹೊತ್ತಿಗೆ ವಿದೇಶಾಂಗ ಕಾರ್ಯದರ್ಶಿ ಸೀವರ್ಡ್, ಭೂಸೇನೆಯ ಮೇಗ್ಸ್ ಮತ್ತು ನೌಕಾಪಡೆಯ ಲೆಫ್ಟಿನೆಂಟ್ ಡೇವಿಡ್ ಡಿಕ್ಸನ್ ಪೋರ್ಟರ್ ಎಂಬ ಅಧಿಕಾರಿಗಳ ಜೊತೆ ಸೇರಿ ಪಿಕನ್ಸ್ ಕೋಟೆಗೆ ಗುಟ್ಟಾಗಿ ಇನ್ನೊಂದು ಪಡೆಯನ್ನು ಸಿದ್ಧಪಡಿಸುತ್ತಿದ್ದರು. ಅವರ ಕಣ್ಣೂ ಅದೇ ಪೊಹಾಟನ್ ಮೇಲೆ ಬಿದ್ದಿತ್ತು. ಏಪ್ರಿಲ್ 1ರಂದು ಆದೇಶಗಳ ಒಂದು ಕಟ್ಟನ್ನು ಲಿಂಕನ್ ಅವರ ಮುಂದಿಟ್ಟರು. ಕೆಲಸದ ಗಡಿಬಿಡಿಯಲ್ಲಿದ್ದ ಅಧ್ಯಕ್ಷರು ಸರಿಯಾಗಿ ಓದದೆ ಎಲ್ಲಕ್ಕೂ ಸಹಿ ಹಾಕಿದರು. ಒಂದು ಆದೇಶ ಪೊಹಾಟನ್ ನೌಕೆಯನ್ನು ಪೋರ್ಟರ್ ಕೈಗೆ ಒಪ್ಪಿಸಿತು. ಇನ್ನೊಂದು ಆದೇಶ ನೌಕಾ ಇಲಾಖೆಯ ಒಂದು ಆಯಕಟ್ಟಿನ ಹುದ್ದೆಗೆ ಕ್ಯಾಪ್ಟನ್ ಸ್ಯಾಮ್ಯುಯೆಲ್ ಬ್ಯಾರನ್ ಎಂಬವರನ್ನು ನೇಮಿಸಿತು. ಆ ಬ್ಯಾರನ್ ಕೆಲವೇ ದಿನಗಳಲ್ಲಿ ದಕ್ಷಿಣದ ಪಕ್ಷ ಸೇರಿದರು! ಇಷ್ಟಾದರೂ ನೌಕಾ ಇಲಾಖೆಯ ಕಾರ್ಯದರ್ಶಿಗೆ ಈ ಯಾವ ಮಾತೂ ತಿಳಿದಿರಲಿಲ್ಲ.

ವೆಲ್ಸ್ ಮೊದಲು ಬ್ಯಾರನ್ ನೇಮಕದ ಕಾಗದ ಹಿಡಿದು ಅಧ್ಯಕ್ಷರ ಬಳಿ ಬಂದರು. ಲಿಂಕನ್ ತಕ್ಷಣ ಅದನ್ನು ರದ್ದು ಮಾಡಿದರು. ನೌಕೆಯ ವಿಷಯ ಬಯಲಾಗಿದ್ದು ಏಪ್ರಿಲ್ 5ರ ರಾತ್ರಿ. ನಡುರಾತ್ರಿಯ ಹೊತ್ತಿಗೆ ವೆಲ್ಸ್ ಮತ್ತು ಸೀವರ್ಡ್ ಇಬ್ಬರೂ ಅಧ್ಯಕ್ಷರ ಮನೆಗೆ ನಡೆದರು. ಲಿಂಕನ್ ಸಬೂಬು ಹೇಳಲಿಲ್ಲ, ಕಾಗದ ತಂದವರ ಮೇಲೆ ತಪ್ಪು ಹೊರಿಸಲಿಲ್ಲ. ಇದು ತಮ್ಮದೇ ಅಜಾಗರೂಕತೆ ಎಂದು ಒಪ್ಪಿಕೊಂಡು, ನೌಕೆಯನ್ನು ಹಿಂದಿರುಗಿಸಲು ತಂತಿ ಕಳುಹಿಸುವಂತೆ ಸೀವರ್ಡ್ ಅವರಿಗೆ ಹೇಳಿದರು. ಸೀವರ್ಡ್ ತಂತಿ ಕಳುಹಿಸಿದರು, ಆದರೆ ಅದರ ಕೆಳಗೆ ತಮ್ಮ ಹೆಸರನ್ನೇ ಹಾಕಿದರು. ಅಷ್ಟರಲ್ಲಿ ಪೊಹಾಟನ್ ನ್ಯೂಯಾರ್ಕ್ ಬಿಟ್ಟಾಗಿತ್ತು. ವೇಗದ ದೋಣಿಯೊಂದು ಬೆನ್ನಟ್ಟಿ ಹೋಗಿ ಸಂದೇಶ ತಲುಪಿಸಿತು. ಪೋರ್ಟರ್ ಓದಿದರು. ತಮ್ಮ ಬಳಿ ಇರುವುದು ಅಧ್ಯಕ್ಷರ ಸಹಿ, ಬಂದಿರುವುದು ಸೀವರ್ಡ್ ಹೆಸರು, ಆದ್ದರಿಂದ ಮೊದಲನೆಯದೇ ಮೇಲು ಎಂದು ತೀರ್ಮಾನಿಸಿ ಫ್ಲಾರಿಡಾದ ಕಡೆಗೇ ಹಡಗು ನಡೆಸಿದರು.

ಏಪ್ರಿಲ್ 12ರಂದು ಫಾಕ್ಸ್ ಚಾರ್ಲ್ಸ್‌ಟನ್ ಮುಂದೆ ಬಿರುಗಾಳಿಯ ನಡುವೆ ಪೊಹಾಟನ್ ನೌಕೆಗಾಗಿ ಕಾಯುತ್ತಿದ್ದಾಗಲೇ ಸಮ್ಟರ್ ಕೋಟೆಯ ಮೇಲೆ ಗುಂಡಿನ ಮಳೆ ಶುರುವಾಗಿತ್ತು. ಕೋಟೆ ಶರಣಾಯಿತು, ಅಂತರ್ಯುದ್ಧ ಆರಂಭವಾಯಿತು. ಪೊಹಾಟನ್ ಬಂದಿದ್ದರೂ ಕೋಟೆ ಉಳಿಯುತ್ತಿತ್ತೆಂದು ಹೇಳಲಾಗದು. ಆದರೆ ಕಣ್ಣೆದುರೇ ಕೋಟೆ ಬಿದ್ದ ಅವಮಾನ ಫಾಕ್ಸ್ ಅವರನ್ನು ಕಾಡಿತು. ಮೇ 1ರಂದು ಲಿಂಕನ್ ಅವರಿಗೆ ತಾವೇ ಪತ್ರ ಬರೆದು, ಸೋಲಿಗೆ ಅವರು ಕಾರಣರಲ್ಲ, ನೌಕೆ ತಪ್ಪಿಹೋದದ್ದರಲ್ಲಿ ತಮ್ಮ ಪಾಲೂ ಇದೆ ಎಂದು ತಿಳಿಸಿದರು. ಸ್ವಲ್ಪ ದಿನಗಳಲ್ಲೇ ಫಾಕ್ಸ್ ನೌಕಾ ಇಲಾಖೆಯ ಸಹಾಯಕ ಕಾರ್ಯದರ್ಶಿಯಾದರು. ಸೋತವನೆಂದು ಮೂಲೆಗುಂಪಾಗಬೇಕಿದ್ದ ಮನುಷ್ಯ ಯುದ್ಧ ಮುಗಿಯುವವರೆಗೂ ಇಲಾಖೆಯ ಬಲಗೈಯಾಗಿ ದುಡಿದರು.

ದಿಗ್ಬಂಧನ ಮತ್ತು ನಮ್ಮ ಹತ್ತಿ

ಏಪ್ರಿಲ್ 19ರಂದು ಲಿಂಕನ್ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಘೋಷಿಸಿದರು. ಹತ್ತಿ ಹೊರಹೋಗದಂತೆ, ಬಂದೂಕು ಒಳಬರದಂತೆ ತಡೆಯುವುದು ಇದರ ಉದ್ದೇಶ. ಕಾಯಬೇಕಾದ ಕರಾವಳಿ ಸುಮಾರು 3,500 ಮೈಲಿ. ಇದ್ದ ಹಡಗುಗಳು ಸುಮಾರು 90. ಅವುಗಳಲ್ಲಿ ಕೆಲಸಕ್ಕೆ ಸಿದ್ಧವಾಗಿದ್ದವು 42 ಮಾತ್ರ, ಅವುಗಳಲ್ಲೂ ಹೆಚ್ಚಿನವು ದೂರದ ಸಮುದ್ರಗಳಲ್ಲಿದ್ದವು. ನೂರಾರು ಅಧಿಕಾರಿಗಳು ರಾಜೀನಾಮೆ ಕೊಟ್ಟು ದಕ್ಷಿಣದ ಪಕ್ಷ ಸೇರುತ್ತಿದ್ದರು. ವೆಲ್ಸ್ ಮತ್ತು ಫಾಕ್ಸ್ ವ್ಯಾಪಾರಿ ಹಡಗುಗಳನ್ನು ಕೊಂಡರು, ಹೊಸ ಹಡಗುಗಳನ್ನು ಕಟ್ಟಿಸಿದರು. ಯುದ್ಧ ಮುಗಿಯುವ ಹೊತ್ತಿಗೆ ಹಡಗುಗಳ ಸಂಖ್ಯೆ ಸುಮಾರು 670ಕ್ಕೆ ಏರಿತ್ತು.

ಈ ದಿಗ್ಬಂಧನದ ಬಿಸಿ ನಮ್ಮ ನಾಡಿಗೂ ತಟ್ಟಿತು. ಅಮೆರಿಕದ ಹತ್ತಿ ನಿಂತುಹೋದಾಗ ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳು ಭಾರತದ ಕಡೆ ತಿರುಗಿದವು. ಮುಂಬಯಿಯಲ್ಲಿ ಹತ್ತಿಯ ಬೆಲೆ ಏರಿತು, ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಬಂತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ, ಧಾರವಾಡದ ಹತ್ತಿಯನ್ನು ಕಾರವಾರದ ಬಂದರಿನಿಂದ ಸಾಗಿಸುವ ಯೋಚನೆಯೂ ಇತ್ತು. 1865ರಲ್ಲಿ ಯುದ್ಧ ಮುಗಿದಾಗ ಬೆಲೆ ಕುಸಿದು ಮುಂಬಯಿಯ ವ್ಯಾಪಾರಿಗಳು ದಿವಾಳಿಯಾದರು. ಇತಿಹಾಸದಲ್ಲಿ ಯಾವ ಊರೂ ಇನ್ನೊಂದು ಊರಿಗೆ ಅಷ್ಟು ದೂರವಲ್ಲ.

ಕೇಳಿ ಕಲಿತದ್ದು

ಪೊಹಾಟನ್ ಪ್ರಕರಣ ಲಿಂಕನ್ ಅವರಿಗೆ ಪಾಠವಾಯಿತು. ನೌಕಾಪಡೆಯ ವಿಷಯವನ್ನು ಇನ್ನು ಮುಂದೆ ಗೊತ್ತಿದ್ದವರಿಂದಲೇ ಕೇಳಿ ತಿಳಿಯಬೇಕು ಎಂದುಕೊಂಡರು. ವಾಷಿಂಗ್ಟನ್ ನೌಕಾಂಗಣದ ಮುಖ್ಯಸ್ಥ ಬುಕಾನನ್ ರಾಜೀನಾಮೆ ಕೊಟ್ಟು ಹೋದ ಮೇಲೆ ಆ ಜಾಗಕ್ಕೆ ಬಂದವರು ಕಮಾಂಡರ್ ಜಾನ್ ಡಾಲ್‌ಗ್ರೆನ್. ಫಿರಂಗಿಗಳ ವಿಷಯದಲ್ಲಿ ದೇಶಕ್ಕೇ ಹೆಸರಾದ ತಜ್ಞ. ಆ ಹುದ್ದೆ ನಿಯಮದ ಪ್ರಕಾರ ಅವರಿಗಿಂತ ಮೇಲಿನ ದರ್ಜೆಯವರಿಗೆ ಸಲ್ಲಬೇಕಿತ್ತು. ಲಿಂಕನ್ ಪಟ್ಟುಹಿಡಿದು ಅವರನ್ನೇ ಉಳಿಸಿಕೊಂಡರು. ಬಿಡುವು ಸಿಕ್ಕಾಗಲೆಲ್ಲ ಕುದುರೆಗಾಡಿ ಹತ್ತಿ ನೌಕಾಂಗಣಕ್ಕೆ ಹೋಗುವುದು, ಹೊಸ ಫಿರಂಗಿಗಳ ಪರೀಕ್ಷೆ ನೋಡುವುದು, ಪ್ರಶ್ನೆ ಕೇಳುವುದು ಅವರ ಅಭ್ಯಾಸವಾಯಿತು.

1861ರ ಸೆಪ್ಟೆಂಬರ್‌ನಲ್ಲಿ ಸ್ವೀಡನ್ ಮೂಲದ ಎಂಜಿನಿಯರ್ ಜಾನ್ ಎರಿಕ್ಸನ್ ರೂಪಿಸಿದ ವಿಚಿತ್ರ ಹಡಗಿನ ಮಾದರಿಯೊಂದು ವಾಷಿಂಗ್ಟನ್‌ಗೆ ಬಂತು. ನೀರಿನ ಮಟ್ಟದಲ್ಲೇ ತೇಲುವ ಕಬ್ಬಿಣದ ತಟ್ಟೆ, ಅದರ ಮೇಲೆ ತಿರುಗುವ ಗೋಪುರ, ಗೋಪುರದಲ್ಲಿ ಎರಡು ಫಿರಂಗಿ. ಹಿರಿಯ ಅಧಿಕಾರಿಗಳು ಅನುಮಾನಪಟ್ಟರು, ಕೆಲವರು ನಕ್ಕರು. ಸಭೆಗೆ ಸ್ವತಃ ಬಂದಿದ್ದ ಲಿಂಕನ್ ಆ ಪುಟ್ಟ ಮಾದರಿಯನ್ನು ಕೈಯಲ್ಲಿ ಹಿಡಿದು ನೋಡಿ, ಹಾಸ್ಯದ ಮಾತಿನಲ್ಲೇ ಇದರಲ್ಲಿ ಏನೋ ಸತ್ವವಿದೆ ಎಂದು ಸೂಚಿಸಿದರು. ತೀರ್ಪು ತಜ್ಞರಿಗೇ ಬಿಟ್ಟರು. ಮಂಡಳಿ ಕೊನೆಗೆ ಒಪ್ಪಿತು. ಮಾನಿಟರ್ ಎಂಬ ಹೆಸರಿನ ಆ ಹಡಗು 1862ರ ಜನವರಿ 30ರಂದು ನೀರಿಗಿಳಿಯಿತು.

ಅದು ಬಂದದ್ದು ಸರಿಯಾದ ಸಮಯಕ್ಕೆ. ಮಾರ್ಚ್ 8ರಂದು ದಕ್ಷಿಣದವರ ಕಬ್ಬಿಣದ ಕವಚದ ನೌಕೆ ವರ್ಜೀನಿಯಾ ಹ್ಯಾಂಪ್ಟನ್ ರೋಡ್ಸ್ ಎಂಬಲ್ಲಿ ಒಕ್ಕೂಟದ ಎರಡು ದೊಡ್ಡ ಮರದ ನೌಕೆಗಳನ್ನು ನಾಶಮಾಡಿತು. ಅದನ್ನು ನಡೆಸುತ್ತಿದ್ದವರು ವಾಷಿಂಗ್ಟನ್ ನೌಕಾಂಗಣ ಬಿಟ್ಟುಹೋದ ಅದೇ ಬುಕಾನನ್. ಮರುದಿನ ಬೆಳಿಗ್ಗೆ ಮಂತ್ರಿಮಂಡಲದಲ್ಲಿ ಗಾಬರಿ. ಆ ನೌಕೆ ಪೊಟೊಮ್ಯಾಕ್ ನದಿ ಹತ್ತಿ ಬಂದು ರಾಜಧಾನಿಗೇ ಗುಂಡಿಕ್ಕೀತು ಎಂದು ಯುದ್ಧ ಕಾರ್ಯದರ್ಶಿ ಸ್ಟ್ಯಾಂಟನ್ ಕಿಟಕಿಯಿಂದ ನದಿಯತ್ತ ಮತ್ತೆ ಮತ್ತೆ ನೋಡುತ್ತಿದ್ದರು. ಲಿಂಕನ್ ಗಾಡಿ ಕಟ್ಟಿಸಿ ಡಾಲ್‌ಗ್ರೆನ್ ಬಳಿಗೆ ಹೋದರು. ಅದೇ ಹೊತ್ತಿನಲ್ಲಿ ಹ್ಯಾಂಪ್ಟನ್ ರೋಡ್ಸ್‌ನಲ್ಲಿ ಮಾನಿಟರ್ ವರ್ಜೀನಿಯಾವನ್ನು ಎದುರಿಸಿ ಸುಮಾರು ನಾಲ್ಕು ಗಂಟೆ ಕಾದಾಡಿ ಅದನ್ನು ತಡೆದು ನಿಲ್ಲಿಸಿತು.

ಮಾನಿಟರ್ ನಡೆಸುತ್ತಿದ್ದ ಲೆಫ್ಟಿನೆಂಟ್ ಜಾನ್ ವರ್ಡನ್ ಅವರ ಕಣ್ಣುಗಳ ಮುಂದೆಯೇ ಗುಂಡು ಸಿಡಿದು ಅವರಿಗೆ ತಾತ್ಕಾಲಿಕವಾಗಿ ಕುರುಡು ಬಂತು. ಅವರನ್ನು ವಾಷಿಂಗ್ಟನ್‌ಗೆ ಕರೆತಂದ ಸುದ್ದಿ ತಿಳಿದ ಕೂಡಲೇ ಲಿಂಕನ್ ಅವರಿದ್ದ ಮನೆಗೆ ಹೋದರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಅಧಿಕಾರಿಗೆ ಅಧ್ಯಕ್ಷರ ಮುಖ ಕಾಣಲಿಲ್ಲ. ಅಲ್ಲಿ ನಿಂತವರಿಗೆ ಕಂಡದ್ದು ಅಧ್ಯಕ್ಷರ ಕಣ್ಣೀರು.

ಎರಡು ತಿಂಗಳಾದರೂ ವರ್ಜೀನಿಯಾ ನಾರ್ಫೋಕ್ ಬಂದರಿನಲ್ಲಿ ಉಳಿದೇ ಇತ್ತು. ಮೇ ತಿಂಗಳಲ್ಲಿ ಲಿಂಕನ್ ಇಬ್ಬರು ಮಂತ್ರಿಗಳೊಂದಿಗೆ ಪುಟ್ಟ ಹಡಗಿನಲ್ಲಿ ಮನ್ರೋ ಕೋಟೆಗೆ ಹೋದರು. ಅಲ್ಲಿ ಭೂಸೇನೆಯೂ ನೌಕಾಪಡೆಯೂ ಒಂದನ್ನೊಂದು ನೋಡುತ್ತ ಕುಳಿತಿದ್ದವು. ಲಿಂಕನ್ ನೌಕಾಪಡೆಯ ಗೋಲ್ಡ್ಸ್‌ಬರೋ ಅವರಿಗೆ ದಡದ ಫಿರಂಗಿಗಳ ಮೇಲೆ ದಾಳಿ ಮಾಡುವಂತೆ ಆದೇಶಿಸಿದರು. ನಕ್ಷೆ ಹರಡಿ ಇಳಿಯುವ ಜಾಗ ಹುಡುಕಿದರು, ಸ್ವತಃ ದೋಣಿಯಲ್ಲಿ ಶತ್ರುಪಕ್ಷದ ದಡದವರೆಗೂ ಹೋಗಿ ನೋಡಿಬಂದರು. ಮೇ 10ರಂದು ಸೈನ್ಯ ಇಳಿಯಿತು, ನಾರ್ಫೋಕ್ ಶರಣಾಯಿತು. ಹೋಗಲು ಬಂದರಿಲ್ಲದ ವರ್ಜೀನಿಯಾವನ್ನು ಮರುದಿನ ಬೆಳಗಿನ ಜಾವ ದಕ್ಷಿಣದವರೇ ಸುಟ್ಟು ಸ್ಫೋಟಿಸಿದರು.

ಮುನಿಸು ಇಟ್ಟುಕೊಳ್ಳದ ಮನಸ್ಸು

ಪೊಹಾಟನ್ ನೌಕೆಯನ್ನು ಕೊಂಡೊಯ್ದ ಪೋರ್ಟರ್ ಏನಾದರು? ವೆಲ್ಸ್ ಅವರಿಗೆ ಆ ಮನುಷ್ಯನ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ. ಬಾಯಿ ಬಡಾಯಿ, ಮಹತ್ವಾಕಾಂಕ್ಷೆ, ಹಿರಿಯರನ್ನು ಹಳಿಯುವ ಚಾಳಿ ಎಲ್ಲವೂ ಪೋರ್ಟರ್‌ಗೆ ಇತ್ತು. ಆದರೆ ಧೈರ್ಯವೂ ಚುರುಕೂ ಇತ್ತು. 1862ರ ಏಪ್ರಿಲ್‌ನಲ್ಲಿ ಫ್ಯಾರಗಟ್ ನ್ಯೂ ಆರ್ಲಿಯನ್ಸ್ ಗೆದ್ದಾಗ ಪೋರ್ಟರ್ ಅವರ ಜೊತೆಗಿದ್ದರು. ಈ ಫ್ಯಾರಗಟ್ ದಕ್ಷಿಣದಲ್ಲಿ ಹುಟ್ಟಿದವರು, ಅವರ ಮನೆಯೂ ದಕ್ಷಿಣದಲ್ಲಿತ್ತು. ಹುಟ್ಟೂರನ್ನು ನೋಡಿ ಅವರನ್ನು ದೂರವಿಟ್ಟಿದ್ದರೆ ದೇಶ ತನ್ನ ಅತ್ಯುತ್ತಮ ನೌಕಾಧಿಪತಿಯನ್ನು ಕಳೆದುಕೊಳ್ಳುತ್ತಿತ್ತು.

1862ರ ಅಕ್ಟೋಬರ್‌ನಲ್ಲಿ ಮಿಸಿಸಿಪ್ಪಿ ನದಿಯ ನೌಕಾದಳಕ್ಕೆ ಮುಖ್ಯಸ್ಥರು ಬೇಕಾದಾಗ ವೆಲ್ಸ್ ಆರಿಸಿದ್ದು ಪೋರ್ಟರ್ ಅವರನ್ನೇ. ಎಷ್ಟೋ ಹಿರಿಯರನ್ನು ದಾಟಿಸಿ ಕಮಾಂಡರ್ ದರ್ಜೆಯಿಂದ ಹಂಗಾಮಿ ರಿಯರ್ ಅಡ್ಮಿರಲ್ ದರ್ಜೆಗೆ ಏರಿಸಲಾಯಿತು. ಹಳೆಯ ಮುಜುಗರವನ್ನು ನೆನೆದು ಲಿಂಕನ್ ಅಡ್ಡ ಬರಲಿಲ್ಲ. 1863ರ ಏಪ್ರಿಲ್ 16ರ ರಾತ್ರಿ ಪೋರ್ಟರ್ ವಿಕ್ಸ್‌ಬರ್ಗ್ ಕೋಟೆಯ ಫಿರಂಗಿಗಳ ಕೆಳಗೇ ಹಡಗುಗಳನ್ನು ದಾಟಿಸಿ ಜನರಲ್ ಗ್ರಾಂಟ್ ಅವರ ಸೈನ್ಯ ನದಿ ದಾಟಲು ದಾರಿ ಮಾಡಿದರು. ಜುಲೈ 4ರಂದು ವಿಕ್ಸ್‌ಬರ್ಗ್ ಶರಣಾಯಿತು. ಯುವಕ ಲಿಂಕನ್ ದೋಣಿ ನಡೆಸಿದ್ದ ಆ ನದಿ ಮತ್ತೆ ಸಮುದ್ರದವರೆಗೆ ತೆರೆಯಿತು.

ಚಾರ್ಲ್ಸ್‌ಟನ್‌ನ ನೋವು

ಎಲ್ಲ ಕಡೆಯೂ ಲಿಂಕನ್ ಹೀಗೆ ಗೆದ್ದರೆಂದು ಹೇಳಿದರೆ ಅದು ಸತ್ಯವಾಗದು. ರಿಯರ್ ಅಡ್ಮಿರಲ್ ಸ್ಯಾಮ್ಯುಯೆಲ್ ಡು ಪಾಂಟ್ ಅವರ ಕಥೆ ಬೇರೆ. 1861ರ ನವೆಂಬರ್‌ನಲ್ಲಿ ಪೋರ್ಟ್ ರಾಯಲ್ ಬಂದರನ್ನು ಗೆದ್ದುಕೊಟ್ಟ ಕೀರ್ತಿ ಅವರದು. ಚಾರ್ಲ್ಸ್‌ಟನ್‌ನಿಂದ ದಕ್ಷಿಣದವರ ಪ್ಲಾಂಟರ್ ಎಂಬ ಹಡಗನ್ನೇ ತಂದ ಗುಲಾಮ ನಾವಿಕ ರಾಬರ್ಟ್ ಸ್ಮಾಲ್ಸ್ ಅವರನ್ನು 1862ರ ಮೇ ತಿಂಗಳಲ್ಲಿ ಮೆಚ್ಚಿ ಬರಮಾಡಿಕೊಂಡವರೂ ಅವರೇ. ಸ್ಮಾಲ್ಸ್ ಮತ್ತು ಸಂಗಡಿಗರಿಗೆ ಬಹುಮಾನ ಕೊಡುವ ಕಾನೂನಿಗೆ ಅದೇ ತಿಂಗಳು ಲಿಂಕನ್ ಸಹಿ ಹಾಕಿದರು.

ಚಾರ್ಲ್ಸ್‌ಟನ್ ಯುದ್ಧ ಆರಂಭವಾದ ಊರು. ಅದನ್ನು ಗೆಲ್ಲಬೇಕೆಂಬ ಹಂಬಲ ವಾಷಿಂಗ್ಟನ್‌ನಲ್ಲಿ ಎಲ್ಲರಿಗೂ ಇತ್ತು. ಭೂಸೇನೆಯ ಬಲವಿಲ್ಲದೆ ಹಡಗುಗಳಷ್ಟೇ ಆ ಬಂದರನ್ನು ಗೆಲ್ಲಲಾರವು ಎಂದು ಡು ಪಾಂಟ್ ಅವರಿಗೆ ಅನಿಸುತ್ತಿತ್ತು. ಆದರೆ ಆ ಮಾತನ್ನು ಮೇಲಿನವರಿಗೆ ಅವರು ನೇರವಾಗಿ, ಗಟ್ಟಿಯಾಗಿ ಹೇಳಲಿಲ್ಲ. ಮಾನಿಟರ್ ಯಶಸ್ಸಿನಿಂದ ಉಬ್ಬಿದ್ದ ಇಲಾಖೆಯೂ ಅವರ ಸೂಚನೆಗಳಿಗೆ ಕಿವಿಗೊಡಲಿಲ್ಲ. 1863ರ ಏಪ್ರಿಲ್ 7ರಂದು ಒಂಬತ್ತು ಕಬ್ಬಿಣದ ನೌಕೆಗಳು ಬಂದರಿನೊಳಗೆ ನುಗ್ಗಿ ಭಾರಿ ಪೆಟ್ಟು ತಿಂದು ಹಿಂದಿರುಗಿದವು. ಸ್ಮಾಲ್ಸ್ ದಾರಿ ತೋರಿಸುತ್ತಿದ್ದ ಕಿಯೋಕಕ್ ನೌಕೆ ಮರುದಿನ ಬೆಳಿಗ್ಗೆ ಮುಳುಗಿತು.

ಡು ಪಾಂಟ್ ಮತ್ತೆ ದಾಳಿ ಮಾಡಲು ಒಪ್ಪಲಿಲ್ಲ. ಸ್ಥಾನ ಬಿಡದೆ ನಿಲ್ಲಬೇಕೆಂದು ಲಿಂಕನ್ ಕಳುಹಿಸಿದ ಆದೇಶವನ್ನು ಅವರು ಅವಮಾನವೆಂದು ತಿಳಿದರು. ದೀರ್ಘ ಪತ್ರಗಳು ಓಡಾಡಿದವು. ಕೊನೆಗೆ ಅವರನ್ನು ಹುದ್ದೆಯಿಂದ ಬಿಡುಗಡೆ ಮಾಡಿ, ಅವರ ಜಾಗಕ್ಕೆ ಪಶ್ಚಿಮದ ನದಿಗಳಲ್ಲಿ ಹೆಸರು ಮಾಡಿದ ಫೂಟ್ ಅವರನ್ನು ನೇಮಿಸಲಾಯಿತು. ಫೂಟ್ ದಾರಿಯಲ್ಲೇ ಕಾಯಿಲೆಯಿಂದ ತೀರಿಕೊಂಡರು. ಹಾಗಾಗಿ ಲಿಂಕನ್ ಅವರ ಸ್ನೇಹಿತ ಡಾಲ್‌ಗ್ರೆನ್ ಹೋದರು. ಅವರಿಂದಲೂ ಚಾರ್ಲ್ಸ್‌ಟನ್ ಬೀಳಲಿಲ್ಲ. ಅದು ಬಿದ್ದದ್ದು 1865ರ ಫೆಬ್ರವರಿಯಲ್ಲಿ, ಶೆರ್ಮನ್ ಅವರ ಭೂಸೇನೆ ಒಳನಾಡಿನಿಂದ ನಡೆದು ಬಂದಾಗ. ಡು ಪಾಂಟ್ ಅನುಮಾನಪಟ್ಟದ್ದೇ ನಿಜವಾಗಿತ್ತು. ಅವರು ಅದೇ ವರ್ಷ ಜೂನ್‌ನಲ್ಲಿ ಕಹಿ ಮನಸ್ಸಿನಲ್ಲೇ ಕಣ್ಣು ಮುಚ್ಚಿದರು. ಹೇಳಬೇಕಾದವರು ಸ್ಪಷ್ಟವಾಗಿ ಹೇಳದೆ, ಕೇಳಬೇಕಾದವರು ತಾಳ್ಮೆಯಿಂದ ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಇದು ಉದಾಹರಣೆ. ಕೇಳಿ ಕಲಿತ ಲಿಂಕನ್ ಅವರಿಗೂ ಒಮ್ಮೆ ಕೇಳಿಸಿಕೊಳ್ಳುವುದು ತಪ್ಪಿಹೋಯಿತು.

ಕೊನೆಯ ದಿನಗಳು

1865ರ ಮಾರ್ಚ್ ಕೊನೆಯಲ್ಲಿ ಲಿಂಕನ್ ಯುದ್ಧಭೂಮಿಯ ಹತ್ತಿರದ ಸಿಟಿ ಪಾಯಿಂಟ್‌ಗೆ ಹೋದರು. ಅಲ್ಲಿ ಅವರ ಜೊತೆಗಿದ್ದವರು ಪೋರ್ಟರ್. ದಕ್ಷಿಣದ ರಾಜಧಾನಿ ರಿಚ್ಮಂಡ್ ಬಿದ್ದ ಮರುದಿನ, ಏಪ್ರಿಲ್ 4ರಂದು, ಪೋರ್ಟರ್ ಅಧ್ಯಕ್ಷರನ್ನು ಹಡಗಿನಲ್ಲಿ ಅಲ್ಲಿಗೆ ಕರೆದೊಯ್ದರು. ನದಿಯಲ್ಲಿ ಅಡೆತಡೆಗಳು ಹೆಚ್ಚಿದಂತೆ ದೊಡ್ಡ ಹಡಗು ಬಿಟ್ಟು, ಕೊನೆಗೆ ನಾವಿಕರು ಹುಟ್ಟುಹಾಕುವ ದೋಣಿಯಲ್ಲಿ ದಡ ಸೇರಿದರು. ಆ ದಿನ ಹನ್ನೆರಡು ವರ್ಷ ತುಂಬಿದ್ದ ಮಗ ಟ್ಯಾಡ್ ಕೈ ಹಿಡಿದು, ಹತ್ತು ಹನ್ನೆರಡು ನಾವಿಕರ ಕಾವಲಿನಲ್ಲಿ ಲಿಂಕನ್ ಆ ಊರಿನ ಬೀದಿಯಲ್ಲಿ ನಡೆದರು. ನಿನ್ನೆಯವರೆಗೆ ಗುಲಾಮರಾಗಿದ್ದ ಜನ ಅವರನ್ನು ಸುತ್ತುವರಿದು ಹರಸಿದರು. ನಾಲ್ಕು ವರ್ಷದ ಹಿಂದೆ ಅಧ್ಯಕ್ಷರ ಸಹಿ ಹಿಡಿದು ಹಡಗು ಒಯ್ದವರೇ ಆ ದಿನ ಅವರ ಪ್ರಾಣದ ಕಾವಲಾಗಿದ್ದರು.

ಏಪ್ರಿಲ್ 14ರಂದು ಸಮ್ಟರ್ ಕೋಟೆಯ ಮೇಲೆ ಮತ್ತೆ ಒಕ್ಕೂಟದ ಬಾವುಟ ಹಾರಿತು. ಅದೇ ಮಧ್ಯಾಹ್ನ ಲಿಂಕನ್ ಪತ್ನಿಯೊಂದಿಗೆ ಗಾಡಿಯಲ್ಲಿ ತಮಗೆ ಪ್ರಿಯವಾದ ನೌಕಾಂಗಣಕ್ಕೆ ಹೋಗಿ ಮಾಂಟಾಕ್ ಎಂಬ ಕಬ್ಬಿಣದ ನೌಕೆಯನ್ನು ಹತ್ತಿ ನೋಡಿದರು. ಗುಣಮುಖರಾದ ವರ್ಡನ್ ಚಾರ್ಲ್ಸ್‌ಟನ್ ದಾಳಿಯಲ್ಲಿ ನಡೆಸಿದ್ದು ಇದೇ ನೌಕೆಯನ್ನು. ಆ ರಾತ್ರಿ ನಾಟಕಶಾಲೆಯಲ್ಲಿ ಲಿಂಕನ್ ಅವರಿಗೆ ಗುಂಡೇಟು ಬಿತ್ತು. ಮರುದಿನ ಬೆಳಿಗ್ಗೆ ಅವರು ಕೊನೆಯುಸಿರೆಳೆದರು. ರಾತ್ರಿಯಿಡೀ ಹಾಸಿಗೆಯ ಬಳಿ ಕುಳಿತವರಲ್ಲಿ ಗಿಡಿಯನ್ ವೆಲ್ಸ್ ಒಬ್ಬರು.

ಪ್ರಿಯ ವಿದ್ಯಾರ್ಥಿಗಳೇ, ನಾವೆಲ್ಲರೂ ಒಂದಲ್ಲ ಒಂದು ದಿನ ಓದದೆ ಸಹಿ ಹಾಕುತ್ತೇವೆ. ಲ್ಯಾಬಿನಲ್ಲಿ, ಪರೀಕ್ಷೆಯಲ್ಲಿ, ಮನೆಯಲ್ಲಿ, ಗೆಳೆಯರ ನಡುವೆ ಅವಸರದಿಂದ ತಪ್ಪು ಮಾಡುತ್ತೇವೆ. ಆಗ ನಮ್ಮ ಮುಂದೆ ಎರಡು ದಾರಿ ಇರುತ್ತವೆ. ಕಾಗದ ತಂದವನನ್ನು ದೂರುವುದು ಒಂದು. ತಪ್ಪು ನನ್ನದು ಎಂದು ಒಪ್ಪಿಕೊಂಡು, ಗೊತ್ತಿದ್ದವರ ಬಳಿ ಕುಳಿತು ಕಲಿಯುವುದು ಇನ್ನೊಂದು. ದೇಶದ ಅತ್ಯುನ್ನತ ಹುದ್ದೆಯಲ್ಲಿದ್ದ ಲಿಂಕನ್ ಆರಿಸಿಕೊಂಡದ್ದು ಎರಡನೆಯದನ್ನು. ನಾವೂ ಅದನ್ನೇ ಆರಿಸಿಕೊಳ್ಳೋಣ.